ನೆಲಗಪ್ಪೆಯ ಮೊಟ್ಟೆ

ಕಳೆದ ಜೂನ್‌ನಲ್ಲಿ, ಮೊದಲ ಮಳೆ ಬಿದ್ದ ವಾರ, ಮುಂಬಯಿಯ ಭಾಂಡುಪ್‌ನ ನಮ್ಮ ಚಾಳಿನಲ್ಲಿ ಪಕ್ಕದ ಖೋಲಿಯವರೊಬ್ಬರು ನೆಲಗಪ್ಪೆಯ ಮೊಟ್ಟೆ ತಿಂದು ಆಸ್ಪತ್ರೆ ಸೇರಿದರು.

ಆ ಒಂದೇ ಕೋಣೆಯ ಖೋಲಿಯಲ್ಲಿ ಇಬ್ಬರಿದ್ದರು: ಉಡುಪಿ ಕಡೆಯ ಹೋಟೆಲ್ ಅಡುಗೆಯವರು, ಮತ್ತು ಅದೇ ಹೋಟೆಲಿನ ಗಲ್ಲಾದಲ್ಲಿ ಕೂರುತ್ತಿದ್ದ ಅವರ ಭಾವ, ಅಕ್ಕನ ಗಂಡ. ಮೊದಲ ಮಳೆಗೆ ಗದ್ದೆಯಲ್ಲಿ ಕಪ್ಪೆ ಹಿಡಿದು ತಿನ್ನುವುದು ಅಡುಗೆಯವರ ಮನೆಯ ರೂಢಿ. ರಜೆಯ ಹಿಂದಿನ ಸಂಜೆ ಅವರು ಪೈಪ್‌ಲೈನ್ ಪಕ್ಕದ ಹೊಂಡದಿಂದ ಚೀಲ ತುಂಬಿ ತಂದರು. ಅದರಲ್ಲಿ ಮೈತುಂಬ ಗಂಟುಗಳಿದ್ದ ದೊಡ್ಡದೊಂದು ನೆಲಗಪ್ಪೆಯೂ ಇತ್ತು. ಅದರ ವಿಷ ಚರ್ಮದಲ್ಲಿದೆ ಎಂದು ಅವರಿಗೆ ಗೊತ್ತಿತ್ತು. ಚರ್ಮ ಸುಲಿದರು, ತಲೆ ಎಸೆದರು. ಹೊಟ್ಟೆಯಲ್ಲಿ ಸಾಸಿವೆಯಂಥ ಕಪ್ಪು ಮೊಟ್ಟೆಗಳು ತುಂಬಿದ್ದವು. ಕರಾವಳಿಯ ಅಡುಗೆಮನೆಯಲ್ಲಿ ಮೀನಿನ ಮೊಟ್ಟೆಯನ್ನು ಯಾರೂ ಎಸೆಯುವುದಿಲ್ಲ. ಮರುದಿನ ಮಧ್ಯಾಹ್ನ ತೆಂಗಿನೆಣ್ಣೆ, ಮೆಣಸಿನಪುಡಿ ಹಾಕಿ ಅವನ್ನೂ ಹುರಿದರು.

ಪಾಳಿಗೆ ಹೊರಟಿದ್ದ ನನ್ನನ್ನೂ ಬಾಗಿಲಲ್ಲಿ ನಿಲ್ಲಿಸಿ ಊಟಕ್ಕೆ ಕರೆದರು. ಲೋಕಲ್ ರೈಲು ತಪ್ಪುತ್ತದೆ ಎಂದೆ. ಒಳಗೆ ಭಾವ ತಟ್ಟೆ ದೂಡುತ್ತಿದ್ದರು.

"ಇಡ್ಲಿ ಮಾರಿ ಮಾರಿ ನೀವೇ ಇಡ್ಲಿ ಆಗಿದ್ದೀರಿ ಭಾವ. ತಿನ್ನಿ."

"ನೀನೇ ತಿನ್ನು ಮಾರಾಯ."

"ಮೊಟ್ಟೆ ದೊಡ್ಡವರಿಗೆ. ನಂಗೆ ಕಾಲು ಸಾಕು."

ಸಂಜೆ ಅಡುಗೆಯವರ ಫೋನ್ ಬಂತು: ಭಾವನಿಗೆ ವಾಂತಿ ನಿಲ್ಲುತ್ತಿಲ್ಲ. ನಾನು ಆಸ್ಪತ್ರೆ ತಲುಪಿದಾಗ ಭಾವ ಎಚ್ಚರವಾಗಿಯೇ ಇದ್ದರು. "ಟ್ಯೂಬ್‌ಲೈಟ್ ಯಾಕೆ ಹಳದಿ ಆಗಿದೆ?" ಎಂದು ಕೇಳಿದರು. ಅದು ಬಿಳಿಯಾಗಿತ್ತು. ಮಾನಿಟರಿನ ಒಂದು ಬೀಪ್ ಆದ ಮೇಲೆ ಇನ್ನೊಂದು ಬರುವುದೇ ಇಲ್ಲವೇನೋ ಎನ್ನುವಷ್ಟು ತಡವಾಗಿ ಬರುತ್ತಿತ್ತು.

ಡಾಕ್ಟರ್ ರಕ್ತದ ವರದಿ ಹಿಡಿದು ಬಂದರು.

"ಹಾರ್ಟ್ ಕೀ ಗೋಲಿ ಕಿಸ್‌ನೆ ದೀ ಇನ್‌ಕೋ?"

"ಕೋಯಿ ಗೋಲಿ ನಹೀ ಲೇತೇ, ಸಾಬ್," ಎಂದರು ಅಡುಗೆಯವರು.

"ಖೂನ್ ಮೇ ಹೈ."

ಯಾರೂ ಕೊಡದ ಹೃದಯದ ಔಷಧಿ ಅವರ ರಕ್ತದಲ್ಲಿ ಕಾಣಿಸಿತ್ತು. ಊಟದಲ್ಲಿ ಏನಿತ್ತೆಂದು ಆಗ ಅಡುಗೆಯವರು ಹೇಳಿದರು. ಡಾಕ್ಟರ್ ವಿವರಿಸಿದರು: ನೆಲಗಪ್ಪೆಯ ಕಣ್ಣಿನ ಹಿಂದಿನ ಉಬ್ಬುಗಳಿಂದ ಒಸರುವ ಹಾಲಿನಲ್ಲಿ ಬ್ಯುಫಾಡಿಯೆನೊಲೈಡ್ ಎಂಬ ರಾಸಾಯನಿಕಗಳಿವೆ. ಹೃದ್ರೋಗಿಗಳಿಗೆ ಕೊಡುವ ಡಿಜಾಕ್ಸಿನ್ ಮಾತ್ರೆಗೆ ಅವು ಎಷ್ಟು ಹತ್ತಿರವೆಂದರೆ ರಕ್ತಪರೀಕ್ಷೆಯೂ ಮೋಸಹೋಗುತ್ತದೆ. ಜೀವಕೋಶಗಳಿಂದ ಸೋಡಿಯಂ ಹೊರಹಾಕುವ ಪಂಪನ್ನು ಅವು ತಡೆಯುತ್ತವೆ. ಪೊಟ್ಯಾಸಿಯಂ ರಕ್ತದಲ್ಲಿ ಏರುತ್ತದೆ, ಹೃದಯದ ಲಯ ತಪ್ಪುತ್ತದೆ. ಮೊಟ್ಟೆಯಲ್ಲೂ ಆ ವಿಷ ಇರುತ್ತದೆ. ಹುರಿದರೆ ಹೋಗುವುದಿಲ್ಲ.

"ಚರ್ಮ ತೆಗ್ದಿದ್ದೆ ಅಂತ ಅವ್ರಿಗೆ ಹೇಳಿ," ಎಂದು ಅಡುಗೆಯವರು ಹಿಂದಿ ಬಿಟ್ಟು ನನಗೆ ಹೇಳಿದರು. ಕಾಲಷ್ಟೇ ತಿಂದಿದ್ದ ಅವರಿಗೆ ಏನೂ ಆಗಿರಲಿಲ್ಲ. ನಾನು ಹಿಂದಿಯಲ್ಲಿ ಹೇಳಿದೆ. ಡಾಕ್ಟರ್ ತಲೆಯಾಡಿಸಿದರು.

ಪ್ರತಿವಿಷ ಅಲ್ಲಿ ಇರಲಿಲ್ಲ. ಬೇರೆಡೆ ವಿಚಾರಿಸಿದರೂ ಸಿಗಲಿಲ್ಲ. ರಕ್ತನಾಳದ ಮೂಲಕ ಹೃದಯಕ್ಕೆ ತಂತಿ ಇಳಿಸಿ ತಾತ್ಕಾಲಿಕ ಪೇಸ್‌ಮೇಕರ್ ಜೋಡಿಸಿದರು. ಬೆಳಗಾಗುವ ಹೊತ್ತಿಗೆ ಯಂತ್ರ ಮಿಡಿತ ಕೊಡುತ್ತಿತ್ತು, ಹೃದಯ ತೆಗೆದುಕೊಳ್ಳುತ್ತಿರಲಿಲ್ಲ.

ಮರಣೋತ್ತರ ಪರೀಕ್ಷೆ ಮುಗಿದ ಮೇಲೆ ಅಡುಗೆಯವರು ಶವದೊಂದಿಗೆ ಊರಿಗೆ ಹೋದರು. ಈಗ ಹಿಂತಿರುಗಿ ಅದೇ ಹೋಟೆಲಿನಲ್ಲಿದ್ದಾರೆ. ಹೃದಯಾಘಾತವಾಯಿತೆಂದು ಅಕ್ಕನಿಗೆ ಹೇಳಿದ್ದಾರೆ.