ಗೆನೊವೈತೆ ಕಂಡ ಏಳು ಕಲೆಗಳು

ಬೆಳಗಿನ ಆರು ಗಂಟೆ. ವಿಲ್ನಿಯಸ್‌ನ ಟ್ರಾಲಿ ಬಸ್ಸುಗಳು ಇನ್ನೂ ಪೂರ್ತಿ ಮೈಮುರಿದು ಎದ್ದಿಲ್ಲ. ಬೀದಿಯ ಅದುರಾಟ ಮೇಜಿಗೆ ತಾಗುವ ಮೊದಲೇ ಕನ್ನಡಿಯನ್ನು ನೆಲೆಗೆ ಕೂರಿಸಿಬಿಡಬೇಕೆಂಬುದು ಗೆನೊವೈತೆ ರಿಮ್ಕಿಯೆನೆ ಅವರ ಹಟ. ಹಿಮ ಮೆತ್ತಿದ ಬೂಟನ್ನು ಪ್ರಯೋಗಾಲಯದ ಬಾಗಿಲಲ್ಲೇ ಬಿಟ್ಟು, ಬಿಳಿ ಮೇಲಂಗಿ ತೊಟ್ಟು, ನರೆತ ಕೂದಲನ್ನು ಟೊಪ್ಪಿಗೆಯೊಳಗೆ ತುರುಕಿ, ಉಸಿರು ಬಿಗಿಹಿಡಿದು ಇಕ್ಕಳದಲ್ಲಿ ಎತ್ತುತ್ತಾರೆ: ಕೈಗಡಿಯಾರದ ಮುಖದಷ್ಟಿರುವ ಒಂದು ಕನ್ನಡಿ. ಅದನ್ನು ಉಕ್ಕಿನ ಡಬ್ಬಿಯೊಳಗಿಟ್ಟು, ಗಾಳಿ ಹೀರಿ ತೆಗೆಯುವ ಪಂಪು ಚಾಲೂ ಮಾಡುತ್ತಾರೆ. ಸಂಜೆಯೊಳಗೆ ಆ ಕನ್ನಡಿಯನ್ನು ಅವರು ಕೆಡಿಸಬೇಕು. ಅವರ ಕೆಲಸವೇ ಅದು.

"ಒಳ್ಳೇ ಸಾಮಾನು ಹಾಳು ಮಾಡೋಕೆ ಸಂಬಳ ತಗೊಳ್ಳೋಳು ಈ ಊರಲ್ಲಿ ನಾನೊಬ್ಳೇ ಇರ್ಬೇಕು" ಎಂದು ನಗುತ್ತಾರೆ. ನಗು ತುಟಿಯಿಂದ ಆಚೆ ಹೋಗುವುದಿಲ್ಲ.

ಉಪಗ್ರಹದಲ್ಲಿ ಕೂತು ಹೋಗುವ ಲೇಸರ್ ಯಂತ್ರದ ಕನ್ನಡಿಗಳು ತಮ್ಮ ಮೇಲೆ ಬೀಳುವ ಬೆಳಕಿಗೇ ಸುಟ್ಟುಹೋಗಬಾರದು. ಮೇಲೆ ಹೋದ ಮೇಲೆ ಬದಲಾಯಿಸುವವರು ಯಾರೂ ಇಲ್ಲ. ಹಾಗಾಗಿ ಒಂದೇ ಕಂತಿನಲ್ಲಿ ತಯಾರಾದ ಕನ್ನಡಿಗಳಲ್ಲಿ ಒಂದನ್ನು ಇಲ್ಲಿ ಬಲಿ ಕೊಡುತ್ತಾರೆ. ಅದರ ಮೇಲೆ ಮುನ್ನೂರು ಜಾಗ, ಒಂದೊಂದಕ್ಕೂ ಹತ್ತು ಸಾವಿರ ಬೆಳಕಿನ ಏಟು. ಬಲವನ್ನು ಸ್ವಲ್ಪ ಸ್ವಲ್ಪವೇ ಏರಿಸುತ್ತ ಹೋಗಬೇಕು. ಎಲ್ಲಿಯವರೆಗೆ ಒಂದೂ ಕಲೆ ಬೀಳುವುದಿಲ್ಲವೋ ಅದೇ ಆ ಕನ್ನಡಿಯ ತಾಳಿಕೆ. ಆಮೇಲೆ ಸೂಕ್ಷ್ಮದರ್ಶಕ. ಮುನ್ನೂರನ್ನೂ ಕ್ಯಾಮೆರಾ ಒಮ್ಮೆ ನೋಡುತ್ತದೆ, ಗೆನೊವೈತೆ ಮತ್ತೊಮ್ಮೆ ನೋಡುತ್ತಾರೆ.

ಅವರಿಗೀಗ ಐವತ್ತೊಂಬತ್ತು. ಹತ್ತೊಂಬತ್ತಕ್ಕೇ ಸರ್ಕಾರಿ ಕಾರ್ಖಾನೆಯಲ್ಲಿ ಗಾಜು ಉಜ್ಜಲು ಸೇರಿದವರು. ಸೋವಿಯತ್ ಒಕ್ಕೂಟ ಮುರಿದ ಮರುವರ್ಷ ಕಾರ್ಖಾನೆಗೆ ಬೀಗ ಬಿತ್ತು. ಏಳು ವರ್ಷ ಸಂತೆಯಲ್ಲಿ ನಿಂತು ತಾವೇ ಹೆಣೆದ ಉಣ್ಣೆಯ ಕಾಲುಚೀಲ ಮಾರಿದರು. ಐರ್ಲೆಂಡಿಗೆ ದುಡಿಯಲು ಹೋದ ಗಂಡ ಅಲ್ಲೇ ಇನ್ನೊಂದು ಸಂಸಾರ ಹೂಡಿದ. ಕೊನೆಗೆ ಈ ಪ್ರಯೋಗಾಲಯದ ಬಾಗಿಲು ತೆರೆಯಿತು. "ಇಲ್ಲಿ ಗಾಜಿನ ವಾಸನೆ ಮೂಗಿಗೆ ಬಿದ್ದಾಗ ಅಳು ಬಂತು ನೋಡಿ. ಗಾಜಿಗೆ ವಾಸನೆ ಇಲ್ಲ ಅಂತಾರೆ ಜನ. ಅವರಿಗೇನು ಗೊತ್ತು!"

ಕಹಿ ಶುರುವಾದದ್ದು ಎಂಟು ವರ್ಷದ ಹಿಂದೆ. ಕಡಲ ಮೇಲಿನ ಗಾಳಿಯನ್ನು ಅಳೆದು ಬಿರುಗಾಳಿಯ ಮುನ್ಸೂಚನೆ ಕೊಡಬೇಕಿದ್ದ ಉಪಗ್ರಹವೊಂದರ ಕನ್ನಡಿ ಅವರ ಮೇಜಿಗೆ ಬಂತು. ಗಾಳಿಯಲ್ಲಿಟ್ಟು ಹೊಡೆದಾಗ ಚೆನ್ನಾಗಿ ತಾಳಿಕೊಂಡಿತು. ಗಾಳಿ ತೆಗೆದ ಡಬ್ಬಿಯಲ್ಲಿಟ್ಟು ಹೊಡೆದಾಗಲೂ ಕ್ಯಾಮೆರಾ ಸರಿಯಾಗಿದೆ ಎಂದಿತು. ಆದರೆ ಗೆನೊವೈತೆಗೆ ಏಳು ಜಾಗದಲ್ಲಿ ತೆಳು ಕಂದು ಕಲೆ ಕಂಡಿತು, ಟೀ ಚೆಲ್ಲಿ ಒರೆಸಿದ ಹಾಗೆ. ಅದೂ ಉಪಗ್ರಹ ದಿನಾ ಉರಿಸಲಿದ್ದ ಬಲದಲ್ಲೇ. ಸುತ್ತಲಿನ ಅಂಟು, ತಂತಿಗಳಿಂದ ಹೊರಡುವ ಆವಿ ಬೆಳಕಿಗೆ ಸೀದು ಕನ್ನಡಿಗೆ ಮೆತ್ತಿಕೊಳ್ಳುತ್ತದೆ. ಗಾಳಿ ಇದ್ದರೆ ಅದು ಅಲ್ಲೇ ಉರಿದುಹೋಗುತ್ತದೆ, ಇಲ್ಲದಿದ್ದರೆ ದಿನೇ ದಿನೇ ಬೆಳೆಯುತ್ತದೆ. "ಈ ಕನ್ನಡಿ ಬೇಡ" ಎಂದು ಬರೆದು ವಿಭಾಗದ ಮುಖ್ಯಸ್ಥ ಡಾಕ್ಟರ್ ತೌತ್ವಿದಾಸ್‌ಗೆ ಕೊಟ್ಟರು.

"ಗೆನುತೆ, ಕ್ಯಾಮೆರಾಗೆ ಕಾಣದ್ದು ನಿಮಗೆ ಹೇಗಮ್ಮ ಕಾಣ್ತು?" ಎಂದರು ಅವರು, ಗೆನೊವೈತೆಯ ಹೆಸರನ್ನು ಸಲಿಗೆಯಿಂದ ಮೊಟಕು ಮಾಡಿ.

"ಕ್ಯಾಮೆರಾ ತೂತು ಹುಡುಕುತ್ತೆ, ನಾನು ಬಣ್ಣ ನೋಡಿದೆ. ನೀವೇ ಒಂದ್ಸಲ ಬಗ್ಗಿ ನೋಡಿ."

"ಪುರುಸೊತ್ತಿಲ್ಲ. ಮುಂದಿನ ವಾರ ವರದಿ ಹೋಗ್ಬೇಕು. ನೀವು ಮೊದಲು ಕಣ್ಣು ತೋರಿಸ್ಕೊಂಡು ಬನ್ನಿ."

ಅವರು ನಿಜವಾಗಿಯೂ ಹೋಗಿ ತೋರಿಸಿಕೊಂಡು ಬಂದರು. ಕಣ್ಣಿಗೇನೂ ಆಗಿಲ್ಲ ಎಂಬ ಚೀಟಿ ಹಿಡಿದು ವಾಪಸಾಗುವ ಹೊತ್ತಿಗೆ "ಕಲೆ ಕಂಡುಬಂದಿಲ್ಲ" ಎಂಬ ವರದಿ ಹೋಗಿಯಾಗಿತ್ತು. ಮುಂದಿನ ತಿಂಗಳು ಅವರನ್ನು ಬಾಹ್ಯಾಕಾಶದ ಕನ್ನಡಿಗಳಿಂದ ಬಿಡಿಸಿ, ತಗಡು ಕತ್ತರಿಸುವ ಲೇಸರ್ ಯಂತ್ರದ ಮಸೂರಗಳಿಗೆ ಹಾಕಿದರು.

ಪಕ್ಕದ ಮೇಜಿನ ಸ್ಕೈಸ್ತೆ ಅಂದು ಅದೇ ಸೂಕ್ಷ್ಮದರ್ಶಕದಲ್ಲಿ ಬಗ್ಗಿ ನೋಡಿದ್ದಳು. ಅವಳಿಗೂ ಕಲೆ ಕಂಡಿತ್ತು. ಬಾಯಿ ಬಿಡಲಿಲ್ಲ. "ಆಗ ನನ್ನ ಕೆಲಸ ಕಾಯಂ ಆಗಿರ್ಲಿಲ್ಲ ಅಕ್ಕ" ಎಂದು ಹೇಳಿಕೊಂಡದ್ದು ಎಷ್ಟೋ ವರ್ಷದ ಮೇಲೆ. ಗೆನೊವೈತೆ ಹೇಳುತ್ತಾರೆ: "ಡಾಕ್ಟರ್ ಮೇಲೆ ಸಿಟ್ಟು ಬಂತು, ಇವಳ ಮೇಲೆ ಬೇಜಾರಾಯ್ತು. ಸಿಟ್ಟು ಇಳೀತು."

ಉಪಗ್ರಹ ಹಾರಿದ ದಿನ ಎಲ್ಲರಿಗೂ ಕೇಕ್ ಹಂಚಿದರು. ಗೆನೊವೈತೆಗೂ ಕಾಗದದ ತಟ್ಟೆಯಲ್ಲಿ ಒಂದು ತುಂಡು ಬಂತು. ಹನ್ನೊಂದನೇ ತಿಂಗಳಿಗೆ ಉಪಗ್ರಹದ ಬೆಳಕು ಅರ್ಧಕ್ಕೆ ಇಳಿಯಿತು. ಹದಿನಾಲ್ಕನೇ ತಿಂಗಳಿಗೆ ಆರಿತು. ನೂರಾರು ಜನರ ಒಂಬತ್ತು ವರ್ಷದ ದುಡಿಮೆ ಮೇಲೆ ಕುರುಡಾಗಿ ಸುತ್ತತೊಡಗಿತು.

ಹೊರಗಿನಿಂದ ಇಬ್ಬರು ವಿಚಾರಣೆಗೆ ಬಂದರು. ಅದೇ ಕಂತಿನ, ಹಾರದೆ ಉಳಿದ ಕನ್ನಡಿಯೊಂದನ್ನು ಯಾವುದೆಂದು ಹೇಳದೆ ಗೆನೊವೈತೆ ಕೈಗಿತ್ತು ಪರೀಕ್ಷಿಸಲು ಹೇಳಿದರು. ಮೂರು ದಿನ ಹಿಡಿಯಿತು. "ಮೊದಲ ಕಲೆ ನೋಡಿದ ಕೂಡ್ಲೇ ಗುರುತು ಸಿಕ್ತು." ಬಂದವರಲ್ಲಿ ಒಬ್ಬರು ಇಪ್ಪತ್ತು ನಿಮಿಷ ಬಗ್ಗಿ ನೋಡಿ, ತಮ್ಮ ಪುಸ್ತಕದಲ್ಲಿ ಬರೆದುಕೊಂಡು ಎದ್ದರು.

ಅಂತಿಮ ವರದಿಯಲ್ಲಿ ಇದ್ದದ್ದು "ಪರೀಕ್ಷಾ ವಿಧಾನದ ಕೊರತೆ" ಎಂಬ ಮಾತು. ಅವರ ಹೆಸರಿಲ್ಲ, ಅವರು ಮೊದಲೇ ಬರೆದುಕೊಟ್ಟ ಪುಟದ ಸುದ್ದಿಯಿಲ್ಲ. ತೌತ್ವಿದಾಸ್ ಈಗ ಇಡೀ ಸಂಸ್ಥೆಯ ನಿರ್ದೇಶಕ. ಒಮ್ಮೆ ಸಂಸ್ಥೆಯ ಕಾರಿಡಾರಿನಲ್ಲಿ ಎದುರಾದಾಗ ಹೆಗಲು ತಟ್ಟಿದರು. "ಹಳೇದೆಲ್ಲ ಬಿಡಿ ಗೆನುತೆ. ಎಲ್ರೂ ಪಾಠ ಕಲಿತ್ವಿ ಅಲ್ವಾ?"

"ನನಗೆ ಕಲಿಯೋದು ಏನಿತ್ತು ಡಾಕ್ಟ್ರೇ?"

ನಿರ್ದೇಶಕರು ಗಡಿಯಾರ ನೋಡಿಕೊಂಡು ಮುಂದೆ ನಡೆದರು. ಆದರೆ ಬಾಹ್ಯಾಕಾಶದ ಕನ್ನಡಿಗಳು ಅವರ ಮೇಜಿಗೆ ಮರಳಿದವು. ಗಾಳಿಯಿಲ್ಲದಲ್ಲಿ ಪರೀಕ್ಷಿಸಿದ್ದನ್ನು ಮನುಷ್ಯರ ಕಣ್ಣೂ ನೋಡಲೇಬೇಕೆಂಬ ನಿಯಮವೂ ಬಂದಿದೆ. ಹೊಸದಾಗಿ ಸೇರಿದವರು ಅದು ಮೊದಲಿನಿಂದಲೂ ಇತ್ತೆಂದೇ ತಿಳಿದಿದ್ದಾರೆ.

ಮಧ್ಯಾಹ್ನ ಕಪ್ಪು ರೈ ಬ್ರೆಡ್ಡಿನ ಮೇಲೆ ಉಪ್ಪು ಹಚ್ಚಿದ ಹಂದಿಕೊಬ್ಬು, ಈರುಳ್ಳಿ. ಸ್ಕೈಸ್ತೆ ಎದುರು ಕೂತು ತನ್ನ ಡಬ್ಬಿಯ ಉಪ್ಪಿನ ಸೌತೆಕಾಯಿ ಇತ್ತ ಸರಿಸುತ್ತಾಳೆ. ಗೆನೊವೈತೆ ಒಂದು ಎತ್ತಿಕೊಳ್ಳುತ್ತಾರೆ.

ಇನ್ನು ಹನ್ನೆರಡು ವರ್ಷಕ್ಕೆ ಆ ಉಪಗ್ರಹ ತಾನಾಗಿ ಕೆಳಗಿಳಿದು ಗಾಳಿಯಲ್ಲಿ ಉರಿದುಹೋಗುತ್ತದಂತೆ. ಗೆನೊವೈತೆ ಆ ಲೆಕ್ಕವನ್ನು ಕೇಳಿ ತಿಳಿದುಕೊಂಡಿದ್ದಾರೆ. "ಕ್ಷಮೆ ಕೇಳಿ ಅಂತ ನಾನ್ಯಾರಿಗೂ ಅನ್ನಲ್ಲ. ಆಗ ನನಗೆ ಎಪ್ಪತ್ತೊಂದು ಆಗಿರುತ್ತೆ. ಅದು ಬೀಳೋ ದಿನ ಇಲ್ಲಿಂದ ಯಾರಾದ್ರೂ ಒಂದು ಫೋನ್ ಮಾಡಿದ್ರೆ ಸಾಕು. ಬಾಲ್ಕನಿಗೆ ಕುರ್ಚಿ ಹಾಕ್ಕೊಂಡು ಕೂತಿರ್ತೀನಿ."