ಹನ್ನೆರಡು ಹಲ್ಲಿನ ನಾಜಲ್

ಇವತ್ತು ಬೆಳಿಗ್ಗೆ ಕಪನೂರಿನ ನಮ್ಮ ಟೆಸ್ಟಿಂಗ್ ಲ್ಯಾಬಿನ ನೆಲ ಒರೆಸುವಾಗ ಫಿನಾಯಿಲ್ ವಾಸನೆ ಮೂಗಿಗೆ ಬಡಿಯಿತು. ಆ ವಾಸನೆ ಬಂದರೆ ನನಗೆ ನಮ್ಮ ಸರ್ ನೆನಪಾಗುತ್ತಾರೆ. ನೆನಪಾದರೆ ಸಿಟ್ಟು ಬರುತ್ತದೆ. ಗುರುವಿನ ಮೇಲೆ ಹಗೆ ಸಾಧಿಸಬಾರದು ಅನ್ನುತ್ತಾರೆ... ನಾನು ಸಾಧಿಸಿದ್ದೇನೆ.

ಕಲಬುರಗಿಯ ಕಾಲೇಜಿನಲ್ಲಿ ಅವರು ನಮಗೆ ನೀರು, ಗಾಳಿಗಳ ಹರಿವಿನ ಪಾಠ ಹೇಳುತ್ತಿದ್ದರು. ಲ್ಯಾಬಿನಲ್ಲಿ ಗಾಜಿನ ತೊಟ್ಟಿಯೊಂದಿತ್ತು. ಅದರಲ್ಲಿ ಮೆಲ್ಲಗೆ ಹರಿಯುವ ತಿಳಿನೀರಿನೊಳಕ್ಕೆ ಕೊಳವೆಯ ತುದಿಯ ಹಿತ್ತಾಳೆಯ ನಾಜಲ್‌ನಿಂದ ನೀಲಿ ಶಾಯಿಯ ನೀರನ್ನು ಜೋರಾಗಿ ಬಿಡುತ್ತಿದ್ದೆವು. ನಾಜಲ್‌ನ ಬಾಯಿ ದುಂಡಗೆ, ನುಣ್ಣಗೆ ಇದ್ದರೆ ನೀಲಿ ನೀರು ತನ್ನ ಪಾಡಿಗೆ ತಾನು ದೂರ ಹೋಗಿ, ಆಮೇಲೆ ಬೆರೆಯುತ್ತಿತ್ತು. ಅಂಚು ಹಲ್ಲುಹಲ್ಲಾಗಿದ್ದರೆ ಬೇಗ ಬೆರೆಯಬಹುದೇ? ಒಂದು ಭಾನುವಾರ ನಮ್ಮೂರು ಕಮಲಾಪುರದ ಸೈಕಲ್ ಅಂಗಡಿಯಿಂದ ಲೋಹ ಉಜ್ಜುವ ಅರ ಬೇಡಿ ತಂದು, ಮನೆಯ ಕಟ್ಟೆಯ ಮೇಲೆ ಕೂತು, ಹಳೆಯ ನಾಜಲ್ಲೊಂದರ ಅಂಚಿಗೆ ಹನ್ನೆರಡು ಹಲ್ಲು ಕೊರೆದೆ. ಬೆರಳು ಸುಲಿದವು. ಯಾರೂ ಹೇಳಿಕೊಡದೆ ನನ್ನ ತಲೆಯಲ್ಲಿ ಹುಟ್ಟಿದ ಮೊದಲ ಯೋಚನೆ ಅದು.

ಮರುದಿನ ಸರ್ ಅದನ್ನು ಎತ್ತಿ ಇಡೀ ಕ್ಲಾಸಿಗೆ ತೋರಿಸಿದರು.

"ಇದೇನವ್ವಾ, ನಾಜಲ್ಲೋ ಗರಗಸೋ? ಕಮಲಾಪುರದಾಗ ಕಟ್ಟಿಗಿ ಕೊಯ್ಯೋದದ ಏನು?"

ಎಲ್ಲರೂ ನಕ್ಕರು. "ಒಮ್ಮೆ ನೀರ್ ಬಿಟ್ ನೋಡ್ರಿ ಸರ್" ಅಂದೆ. ಅವರು ಬಿಡಲಿಲ್ಲ. ಎಲ್ಲರೆದುರು, ನನ್ನ ಕೈಯಿಂದಲೇ, ಹನ್ನೆರಡೂ ಹಲ್ಲು ಉಜ್ಜಿಸಿ ತೆಗೆಸಿದರು.

ಇಪ್ಪತ್ತು ವರ್ಷ ಕಾದೆ. ನಿವೃತ್ತರಾದ ಮೇಲೆ ಸರ್ ಸಣ್ಣದೊಂದು ಫಿನಾಯಿಲ್ ಕಾರ್ಖಾನೆಗೆ ಸಲಹೆಗಾರರಾಗಿದ್ದರಂತೆ. ಪೈಪಿನಲ್ಲಿ ಎಣ್ಣೆ ನೀರಿಗೆ ಸರಿಯಾಗಿ ಬೆರೆಯುತ್ತಿಲ್ಲವೆಂದು ಒಂದು ದಿನ ಇದೇ ಲ್ಯಾಬಿಗೆ, ನನ್ನ ಮೇಜಿನ ಮುಂದೆ ಬಂದು ನಿಂತರು. ಕೈಯಲ್ಲಿ ಅದೇ ದುಂಡು ಬಾಯಿಯ ನುಣ್ಣನೆ ನಾಜಲ್. ಅವರಿಗೆ ನನ್ನ ಗುರುತು ಹತ್ತಲಿಲ್ಲ. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು.

"ಅಂಚಿಗಿ ಹನ್ನೆರಡು ಹಲ್ಲು ಕೊರೀರಿ. ನೀವs ಕೊರೀಬೇಕು" ಎಂದು ಅರ ಕೊಟ್ಟೆ. ಕೆಲಸದವರೆಲ್ಲ ನೋಡುತ್ತಿದ್ದರು. ಒಂದು ತಾಸು, ನಿಂತೇ ಕೊರೆದರು. ಕುರ್ಚಿ ಕೊಡಲಿಲ್ಲ ನಾನು.

ನಮ್ಮ ಗಾಜಿನ ತೊಟ್ಟಿಯಲ್ಲಿ ಅದರಿಂದ ನೀಲಿ ನೀರು ಬಿಟ್ಟೆವು. ಪ್ರತಿ ಹಲ್ಲಿನ ಮಗ್ಗುಲಲ್ಲೂ ಸಣ್ಣ ಸುಳಿ ಎದ್ದು, ಸುತ್ತಲ ನೀರನ್ನು ಒಳಗೆಳೆದುಕೊಂಡು, ಗೇಣು ದೂರ ಹೋಗುವುದರೊಳಗೆ ಎರಡೂ ಒಂದಾದವು. ಸರ್ ಗಾಜಿಗೆ ಮೂಗು ಹಚ್ಚಿ ನಿಂತುಬಿಟ್ಟರು.

"ಎಷ್ಟ್ ಚಂದ ಬೆರೀಲಾಕತ್ತದ ನೋಡ್ರಿ ಮೇಡಂ! ಜಲ್ಮೆಲ್ಲಾ ಇದೇ ಪಾಠ ಹೇಳೀನಿ, ನನಗ ಹೊಳೀಲೇ ಇಲ್ಲ. ಇದು ಯಾರಿಗಿ ಹೊಳೀತ್ರಿ?"

ಮಾತು ನಾಲಿಗೆಯ ತುದಿಗೆ ಬಂದಿತ್ತು. ತಡೆದುಕೊಂಡೆ. ಮುಂದಿನ ವಾರ ವರದಿ ಒಯ್ಯಲು ಕಾರ್ಖಾನೆಯವರೆಲ್ಲ ಬರುವವರಿದ್ದರು. ಅವರೆದುರು ಹೇಳಿ, ಇವರ ಮುಖಕ್ಕೆ ಮಸಿ ಬಳಿಯಬೇಕು ಎಂದುಕೊಂಡೆ.

"ಮುಂದಿನ ವಾರ ಹೇಳ್ತೀನ್ರಿ" ಅಂದೆ.

ಮುಂದಿನ ವಾರ ಕಾರ್ಖಾನೆಯವರಷ್ಟೇ ಬಂದರು. ಸರ್ ತೀರಿಕೊಂಡು ಮೂರು ದಿನವಾಗಿತ್ತು...

ಅವರು ತಾವಾಗಿಯೇ ಕೇಳಿದ್ದರು. ಒಂದು ಮಾತು ಸಾಕಿತ್ತು. ನಗುವುದಕ್ಕೆ ಜನ ಬೇಕೆಂದು ಕಾದು, ಕೇಳಬೇಕಾದ ಒಬ್ಬರನ್ನೇ ಕಳೆದುಕೊಂಡೆ. ಇವತ್ತು ಲ್ಯಾಬಿನಲ್ಲಿ ಯಾರೂ ಇಲ್ಲದಾಗ "ನನಗs ಹೊಳದಿತ್ತು ರೀ ಸರ್" ಎಂದು ಜೋರಾಗಿಯೇ ಹೇಳಿದೆ. ಸಿಟ್ಟು ಇಳಿಯಲಿಲ್ಲ.