ಬರೋಳ ಮಂಚ

ಆ ಮನೆಯಲ್ಲಿ ಹನ್ನೆರಡು ಮಂಚಗಳಿದ್ದವು. ಹನ್ನೊಂದರಲ್ಲಿ ಹುಡುಗಿಯರು ಮಲಗುತ್ತಿದ್ದರು. ಕಿಟಕಿ ಪಕ್ಕದ್ದು ಮಾತ್ರ ಖಾಲಿ. ಅದರ ಹೊದಿಕೆಯನ್ನು ದೊಡ್ಡಕ್ಕ ಪ್ರತಿ ಸೋಮವಾರ ಒಗೆದು, ಇಸ್ತ್ರಿ ಮಾಡಿ, ಒಂದು ಸುಕ್ಕೂ ಇಲ್ಲದಂತೆ ಹಾಸುತ್ತಿದ್ದಳು.

"ಯಾರೂ ಮಲಗದ ಹಾಸಿಗೆ ಒಗೆಯೋಷ್ಟು ಬಿಡುವಿದ್ರೆ ಬಾ, ಈರುಳ್ಳಿ ಹೆಚ್ಚು," ಎಂದು ಅಡುಗೆಯವಳು ರೇಗಿಸುತ್ತಿದ್ದಳು. "ಅತ್ತಿದ್ದಕ್ಕೆ ಒಂದು ಕಾರಣನಾದ್ರೂ ಇರುತ್ತೆ."

"ಅದು ಬರೋಳ ಮಂಚ ಕಣೆ," ಎನ್ನುತ್ತಿದ್ದಳು ದೊಡ್ಡಕ್ಕ. ಮಾತು ಅಲ್ಲಿಗೆ ಮುಗಿಯುತ್ತಿತ್ತು.

ಯಾರೋ ಮಾರಿ, ಇನ್ನಾರೋ ಕೊಂಡು, ಕೊನೆಗೆ ಪೊಲೀಸರು ಬಿಡಿಸಿ ತಂದ ಹುಡುಗಿಯರ ಮನೆ ಅದು. ನಡೆಸುತ್ತಿದ್ದದ್ದು ಒಂದು ಸಣ್ಣ ಸೇವಾಸಂಸ್ಥೆ. ಬಾಡಿಗೆಗೂ ಊಟಕ್ಕೂ ವಕೀಲರ ಓಡಾಟಕ್ಕೂ ಸರ್ಕಾರದ ಅನುದಾನವೇ ಗತಿ.

ದೊಡ್ಡಕ್ಕ ಅಲ್ಲಿಗೆ ಮೇಲ್ವಿಚಾರಕಿಯಾಗಿ ಬಂದವಳಲ್ಲ. ಹದಿನೇಳರ ವಯಸ್ಸಿನಲ್ಲಿ ಒಬ್ಬ ಮಹಿಳಾ ಪೇದೆಯ ಸೆರಗು ಹಿಡಿದುಕೊಂಡು ಇದೇ ಬಾಗಿಲಿಗೆ ಬಂದಿದ್ದಳು. ಆ ದಿನ ಹನ್ನೆರಡೂ ಮಂಚ ತುಂಬಿದ್ದವು. ಆಗಿನ ಮೇಲ್ವಿಚಾರಕಿ ಒಂದು ಲೋಟ ನೀರು ಕೊಟ್ಟು, ತಲೆ ಸವರಿ, ಊರಾಚೆಯ ದೊಡ್ಡ ಆಶ್ರಯಕ್ಕೆ ಕಳಿಸಿಬಿಟ್ಟಳು. ಅಲ್ಲಿ ಉದ್ದನೆಯ ಒಂದೇ ಹಜಾರ, ಎಂಬತ್ತು ಜನ. ಬಾಗಿಲಿನ ಚಿಲಕ ಹೊರಗಡೆ. ಪೊಲೀಸರು ಬಿಡಿಸುವ ಮುಂಚೆ ಅವಳನ್ನು ಕೂಡಿಹಾಕಿದ್ದ ಕೋಣೆಗೂ ಚಿಲಕ ಹೊರಗಡೆಯೇ ಇತ್ತು. ಐದು ತಿಂಗಳ ಮೇಲೆ ಇಲ್ಲಿ ಒಂದು ಮಂಚ ತೆರವಾಯಿತು. ಬಂದವಳು ಹೊಲಿಗೆ ಕಲಿತಳು, ಆಮೇಲೆ ಬಂದವರಿಗೆ ಕಲಿಸಿದಳು. ವರ್ಷಗಳು ಕಳೆದು ಬೀಗದ ಕೈಗೊಂಚಲು ಅವಳ ಸೊಂಟಕ್ಕೇ ಬಂತು.

ಅಂದೇ ಅವಳು ಎರಡು ಕಟ್ಟಳೆ ಮಾಡಿದಳು. ಬೇರೆಯವರಿಗೆ ನೆಲದ ಮೇಲೆ ಹಾಸಿಗೆ ಹಾಕಿಯಾದರೂ ಸರಿ, ಒಂದು ಮಂಚ ಸದಾ ಖಾಲಿ ಇರಬೇಕು. ಮತ್ತೆ, ಕಚೇರಿಯಿಂದ ಯಾರೇ ಬರಲಿ, ಹುಡುಗಿಯರನ್ನು ಸಾಲಾಗಿ ನಿಲ್ಲಿಸಿ ಎಣಿಸುವಂತಿಲ್ಲ. ಸಾಲಾಗಿ ನಿಂತು ಗಂಡಸೊಬ್ಬನ ಬೆರಳಿಗೆ ಎಣಿಕೆಯಾಗುವುದು ಎಂದರೇನು ಎಂದು ಅವಳಿಗೆ ಗೊತ್ತಿತ್ತು. ಎರಡು ವರ್ಷ ಅರ್ಜಿಯ ಮೇಲೆ ಅರ್ಜಿ ಕೊಟ್ಟ ಮೇಲೆ ಕಚೇರಿ ಒಪ್ಪಿತು: ತಪಾಸಣೆಗೆ ಬಂದವರು ಮಂಚ ಎಣಿಸಿದರೆ ಸಾಕು.

ಹನ್ನೆರಡನೆಯ ಹುಡುಗಿಯೂ ಇದ್ದಳು. ಬಂದ ಮೂರನೆಯ ದಿನವೇ ಹಾಸಿಗೆ ಸುತ್ತಿಕೊಂಡು ಹೊಲಿಗೆ ಕೋಣೆ ಸೇರಿದವಳು. ಬಾಗಿಲಿಗೆ ಅಡ್ಡಲಾಗಿ ಹಾಸಿಕೊಂಡು, ಮಲಗುವ ಮುನ್ನ ಚಿಲಕವನ್ನು ಮೂರು ಸಲ ಹಾಕಿ ತೆಗೆದು ನೋಡುವಳು. ಹಾಕುವುದೂ ತೆಗೆಯುವುದೂ ತನ್ನ ಕೈಯಲ್ಲೇ ಇದೆ ಎಂದು ಖಾತ್ರಿಯಾದ ಮೇಲೆ ತಲೆ ಕೆಳಗಿಡುವಳು. ಉಳಿದವರು ಅವಳನ್ನು ಚಿಲಕ ಎಂದೇ ಕರೆದರು.

"ಲೇ ಚಿಲಕ, ಇನ್ನೊಂದು ವರ್ಷ ಹಿಂಗೇ ಉಜ್ಜಿದ್ರೆ ಕಬ್ಬಿಣ ಸವೆದು ಸೂಜಿ ಆಗುತ್ತೆ!"

"ಆಗ್ಲಿ ಬಿಡು, ಹೊಲಿಗೆಗೆ ಬರುತ್ತೆ," ಎಂದಿದ್ದಳು ಅವಳು. ಅವಳು ಆಡಿದ ಮೊದಲ ತಮಾಷೆ ಅದು. ದೊಡ್ಡಕ್ಕ ಅದನ್ನು ವಾರಗಟ್ಟಲೆ ನೆನೆದು ನೆನೆದು ನಕ್ಕಳು.

ಆ ವರ್ಷ ನಿಯಮ ಬದಲಾಯಿತು. ಸಂಸ್ಥೆಯ ಕಾರ್ಯದರ್ಶಿ, ನಿವೃತ್ತ ಟೀಚರಮ್ಮ, ಭಾನುವಾರವೇ ಬಂದು ಎಚ್ಚರಿಸಿದರು. "ಎಲ್ಲಾ ಮಂಚ ತುಂಬಿರೋ ಮನೆಗೆ ಮಾತ್ರ ಅನುದಾನವಂತೆ. ಒಂದು ಖಾಲಿ ಕಂಡ್ರೂ ಮುಚ್ಚಿ, ಹುಡುಗಿಯರನ್ನ ದೊಡ್ಡ ಆಶ್ರಯಕ್ಕೆ ಸಾಗಿಸ್ತಾರೆ. ನಾಳೆ ತಪಾಸಣೆ. ಆ ಮಂಚದ ಮೇಲೆ ಚಿಲಕನ ನಾಲ್ಕು ಬಟ್ಟೆ ಹರಡಿಡು ಮಾರಾಯ್ತಿ. ಸುಳ್ಳೇನಲ್ವಲ್ಲ, ಹನ್ನೆರಡು ಹುಡುಗಿಯರು ಇದ್ದಾರಲ್ಲ."

ದೊಡ್ಡಕ್ಕ ಹಾಗೇ ಮಾಡಿದಳು. ಒಂದು ದುಪಟ್ಟಾ, ಒಂದು ಬಾಚಣಿಗೆ, ಮಡಿಸದ ಹೊದಿಕೆ.

ಮರುದಿನ ಸೋಮವಾರ. ಬೆಳಿಗ್ಗೆ ಎದ್ದವಳ ಕೈಗಳು ತಮ್ಮ ಪಾಡಿಗೆ ತಾವು ಕೆಲಸ ಮಾಡಿದವು. ದುಪಟ್ಟಾ ಮಡಿಸಿ ಕಪಾಟಿಗಿಟ್ಟಳು, ಹೊದಿಕೆ ಒಗೆದಳು, ಬಿಸಿಲಿಗೆ ಒಣಗಿದ್ದನ್ನು ಇಸ್ತ್ರಿ ಮಾಡಿ ಹಾಸಿದಳು. ಮಧ್ಯಾಹ್ನ ಅಧಿಕಾರಿ ಕಿಟಕಿಯ ಪಕ್ಕ ನಿಂತು, "ಇದು ಯಾರದಮ್ಮ?" ಎಂದಾಗ, ಅಡುಗೆಯವಳಿಗೆ ಹೇಳುವ ಹಾಗೆಯೇ ಬಾಯಿಗೆ ಬಂತು: "ಬರೋಳದು."

ಹೇಳಿದ ಮೇಲೆ ಟೀಚರಮ್ಮನ ಮಾತು ನೆನಪಾಯಿತು.

"ಸಾರ್, ಹನ್ನೆರಡು ಜನ ಇದ್ದಾರೆ. ಒಬ್ಬಳು ಹೊಲಿಗೆ ಕೋಣೆಯಲ್ಲಿ ಮಲಗ್ತಾಳೆ. ಹಗಲು ಹಾಸಿಗೆ ಸುತ್ತಿ ಕಪಾಟಿನಲ್ಲಿಡ್ತಾಳೆ, ತೋರಿಸ್ತೀನಿ."

"ಕಪಾಟಿನಲ್ಲಿ ಹಾಸಿಗೆ ನಮ್ಮನೇಲೂ ಇದೆಯಮ್ಮ." ಅಧಿಕಾರಿ ಕೆಟ್ಟವನಲ್ಲ, ಪೆನ್ನು ಎತ್ತಿಕೊಂಡೇ ಯೋಚಿಸಿದ. "ಒಂದು ಕೆಲಸ ಮಾಡಿ. ಎಲ್ಲರನ್ನೂ ಒಂದ್ ನಿಮಿಷ ಸಾಲಾಗಿ ನಿಲ್ಲಿಸಿ. ಹನ್ನೆರಡು ತಲೆ ಕಂಡ್ರೆ ಹನ್ನೆರಡು ಅಂತ ಬರೀತೀನಿ. ಮಂಚದ ಗೋಜೇ ಬೇಡ."

ದೊಡ್ಡಕ್ಕ ಅವನ ಮುಖ ನೋಡಿದಳು, ಮಂಚ ನೋಡಿದಳು. ಆಮೇಲೆ ತನ್ನ ಜೀವಮಾನದ ಕಟ್ಟಳೆಯನ್ನು ತಾನೇ ಮುರಿದಳು.

"ಬನ್ರೇ," ಎಂದು ಕೂಗಿದಳು. "ಸಾಲಾಗಿ ನಿಂತ್ಕೊಳ್ಳಿ."

ಹುಡುಗಿಯರು ತಲೆ ತಗ್ಗಿಸಿ ಗೋಡೆಗೆ ಆತುಕೊಂಡು ನಿಂತರು. ಅಷ್ಟರಲ್ಲಿ ಹೊಲಿಗೆ ಕೋಣೆಯೊಳಗೆ ಮಿಷನ್ನಿನ ಸದ್ದು ನಿಂತಿತು. ಚಿಲಕ ಬಿದ್ದ ಸದ್ದು ಕೇಳಿಸಿತು.

"ಒಂದು, ಎರಡು," ಎಂದು ಅಧಿಕಾರಿಯ ಬೆರಳು ಹೊರಟಿತು. ಹನ್ನೊಂದಕ್ಕೆ ನಿಂತಿತು.

ದೊಡ್ಡಕ್ಕ ಬಾಗಿಲು ತಟ್ಟಿದಳು. "ಚಿಲಕಾ, ನಾನು ಕಣೆ. ಒಂದೇ ನಿಮಿಷ. ನನ್ನ ಕೈ ಹಿಡ್ಕೊಂಡು ನಿಂತ್ಕೋ." ಮತ್ತೊಮ್ಮೆ ತಟ್ಟಿದಳು. "ಬರ್ಬೇಡ ಹೋಗ್ಲಿ, ಹೂಂ ಅಂತಾದ್ರೂ ಅನ್ನು." ಒಳಗೆ ಉಸಿರಿನ ಸದ್ದು ಕೂಡ ಇಲ್ಲ. ಗಂಡಸಿನ ದನಿ ಎಣಿಸುವಾಗ ಸದ್ದಿಲ್ಲದೆ ಇರುವುದನ್ನು ಆ ಮಗು ಎಲ್ಲೋ ಚೆನ್ನಾಗಿ ಕಲಿತುಬಿಟ್ಟಿತ್ತು.

"ಬಾಗಿಲು ಒಡೆಸಲಾ?" ಎಂದ ಅಧಿಕಾರಿ.

"ಬೇಡ," ಎಂದಳು ದೊಡ್ಡಕ್ಕ.

ಅವನು ಕಾಲುಗಂಟೆ ಕಾದ. "ಒಳಗೆ ಇರಬಹುದಮ್ಮ. ನೋಡ್ದೆ ಬರೆಯೋ ಹಾಗಿಲ್ಲ," ಎಂದು ಹನ್ನೊಂದು ಬರೆದುಕೊಂಡು ಹೋದ.

ಟೀಚರಮ್ಮ ಬರೆದ ಮನವಿಗಳಿಗೆ ಉತ್ತರ ಬರಲಿಲ್ಲ. ಎರಡು ತಿಂಗಳಿಗೆ ದೊಡ್ಡ ಆಶ್ರಯದ ವ್ಯಾನು ಬಂತು. ಹುಡುಗಿಯರು ಚೀಲ ಹಿಡಿದು ಹತ್ತಿದರು. ಎಲ್ಲರಿಗಿಂತ ಕೊನೆಗೆ ಚಿಲಕ. ಮೆಟ್ಟಿಲ ಮೇಲೆ ಕಾಲಿಟ್ಟವಳು ತಿರುಗಿದಳು.

"ನಾನು ಅವತ್ತು ಬಂದು ನಿಂತಿದ್ರೆ?"

"ನಿಂದೇನೂ ತಪ್ಪಿಲ್ಲ ಕಣೆ. ಮಂಚ ಹಾಸಿದ್ದು ನಾನು."

"ದೊಡ್ಡಕ್ಕ, ನೀನು ಮುಂಚೆ ಅಲ್ಲಿ ಇದ್ದೆಯಲ್ಲ. ಅಲ್ಲಿ ಚಿಲಕ ಒಳಗಿದೆಯೋ ಹೊರಗಿದೆಯೋ?"

ದೊಡ್ಡಕ್ಕ ಅವಳ ದುಪಟ್ಟಾವನ್ನು ಹೆಗಲ ಮೇಲೆ ಸರಿಮಾಡಿದಳು. ಸರಿಯಾಗಿದ್ದದ್ದನ್ನೇ ಇನ್ನೊಮ್ಮೆ ಸರಿಮಾಡಿದಳು.

"ಒಳಗೇ ಇದೆ," ಎಂದಳು.

ಹುಡುಗಿ ತಲೆಯಾಡಿಸಿ ಹತ್ತಿ ಕುಳಿತಳು. ಡ್ರೈವರು ಹಿಂದಿನ ಎರಡೂ ಬಾಗಿಲು ಮುಚ್ಚಿ, ಹೊರಗಿನಿಂದ ಚಿಲಕ ಜಡಿದ.